ಗುಪ್ತ ರೋಗ ಅಂತ ಹೆಸರಿಟ್ಟೋರು ಯಾರು?



ಕುಂತೂರಿಂದ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕೆಲವರಿಗೆ ಮುಜುಗರವೂ ಆಗಬಹುದು. ಆದ್ರೂ ಓದಿ. ಭೂಮಿ, ಮೀಸಲಾತಿ, ಸ್ಮಶಾನದ ಜಾಗ ಅಂದ್ರೆ ಗಂಟೆಗಟ್ಟಲೆ ಮಾತಾಡೋ ನಾವು ಉರಿಮೂತ್ರ, ಬಿಳಿ ಸೆರಗು, ಹುಣ್ಣು ಅಂದ ತಕ್ಷಣ ಚಪ್ಪಲಿ ನೋಡ್ಕೊಂಡು ಕೂರ್ತೀವಿ. ಬಸ್ ಸ್ಟ್ಯಾಂಡ್ ಗೋಡೆಗೆ "ಗುಪ್ತರೋಗ ತಜ್ಞರು" ಅಂತ ಪೋಸ್ಟರ್ ಅಂಟಿಸೋನು ಬದುಕೋದೇ ನಮ್ಮ ಈ ಮೌನದಿಂದ. ಸಂತಾನ ನಿಯಂತ್ರಣ ಅನ್ನೋ ಮಾತೇ ಬಾಯಲ್ಲಿ ಬರಬಾರದು ಅನ್ನೋ ಕಾಲದಲ್ಲಿ, 1938ರಲ್ಲಿ, ಬಾಬಾಸಾಹೇಬರು ಅದರ ಬಗ್ಗೆ ಭಾಷಣ ಸಿದ್ಧ ಮಾಡಿದ್ರು. ಅದನ್ನ ಬಾಂಬೆ ಶಾಸನಸಭೆಯಲ್ಲಿ ಮಂಡಿಸಿದ್ದು ಪಿ.ಜೆ. ರೋಹಮ್. ಆ ಮನುಷ್ಯನ ಫೋಟೊ ಹಾಕ್ಕೊಂಡಿರೋ ನಮಗೆ ನಾಚಿಕೆ ಯಾಕೆ?

ಇವತ್ತಿನ ವಿಷಯ ಈ ಕಾಯಿಲೆ ತರೋ ಬ್ಯಾಕ್ಟೀರಿಯಾಗಳ ವಂಶ, ಅವುಗಳ ಜೀನು. ವಂಶ, ರಕ್ತ, ಶುದ್ಧ ಅನ್ನೋ ಪದಗಳನ್ನ ಹಿಡ್ಕೊಂಡು ನಮ್ಮನ್ನ ಎರಡು ಸಾವಿರ ವರ್ಷ ಆಟ ಆಡಿಸಿದಾರಲ್ಲ, ಅದಕ್ಕೇ ಈ ಪಾಠ ನಮಗೆ ಬೇಕು.

ಮೊದಲು ಸಿಫಿಲಿಸ್. ಯೂರೋಪಿನಲ್ಲಿ ಇದು ಹಬ್ಬಿದಾಗ ಇಟಲಿಯವರು ಫ್ರೆಂಚ್ ರೋಗ ಅಂದ್ರು. ಫ್ರೆಂಚರು ನೇಪಲ್ಸ್ ರೋಗ ಅಂದ್ರು. ರಷ್ಯದವರು ಪೋಲೆಂಡಿನವರ ತಲೆಗೆ ಕಟ್ಟಿದ್ರು. ನಮ್ಮಲ್ಲಿ 16ನೇ ಶತಮಾನದ ಭಾವಪ್ರಕಾಶದಲ್ಲಿ ಅದು ಫಿರಂಗ ರೋಗ, ಜನರ ಬಾಯಲ್ಲಿ ಪರಂಗಿ ಹುಣ್ಣು. ಎಲ್ಲರೂ ಪಕ್ಕದವನ ಕಡೆಗೇ ಬೆರಳು ತೋರಿಸಿದ್ರು. ಊರೊಳಗೆ ಬಂದ ಮೇಲೆ ಆ ಬೆರಳು ಕೇರಿ ಕಡೆಗೆ ತಿರುಗ್ತು, ಕೇರಿಯಲ್ಲೂ ಹೆಂಗಸಿನ ಕಡೆಗೆ. ಬ್ರಿಟಿಷರು 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದ್ರು. ತಮ್ಮ ಸೋಲ್ಜರುಗಳಿಗೆ ಕಾಯಿಲೆ ಬರಬಾರದು ಅಂತ ಹೆಂಗಸರನ್ನ ರಿಜಿಸ್ಟರಿಗೆ ಬರೆದು, ಬಲವಂತವಾಗಿ ಪರೀಕ್ಷೆ ಮಾಡಿ, "ಲಾಕ್ ಆಸ್ಪತ್ರೆ"ಯಲ್ಲಿ ಕೂಡಿಹಾಕೋ ಕಾನೂನು ಅದು. ಆಸ್ಪತ್ರೆಗೆ ಬೀಗದ ಹೆಸರು, ನೋಡಿ! 1888ರ ತನಕ ನಡೀತು.

ಈಗ ಜೀನು ಏನು ಹೇಳುತ್ತೆ? ಸಿಫಿಲಿಸ್ ಅಣುವಿನ ಪೂರ್ತಿ ಜೀನೋಮ್ ಓದಿದ್ದು 1998ರಲ್ಲಿ, ಹೆಚ್ಚುಕಮ್ಮಿ 11 ಲಕ್ಷ ಅಕ್ಷರ. ಇದಕ್ಕೊಂದು ದಾಯಾದಿ ಇದೆ, ಯಾಸ್ ಅಂತ. ಇದು ಬರೋದು ಚರ್ಮಕ್ಕೆ ಚರ್ಮ ತಾಗಿ, ಹೆಚ್ಚಾಗಿ ಮಕ್ಕಳಿಗೆ. ನಮ್ಮ ದೇಶದಲ್ಲಿ ನರಳಿದೋರು ಬಹುಪಾಲು ಕಾಡಿನಂಚಿನ ಆದಿವಾಸಿಗಳು. ಎರಡೂ ಅಣುಗಳನ್ನ ಪಕ್ಕಪಕ್ಕ ಇಟ್ಟು ಓದಿದ್ರೆ ಸಾವಿರ ಅಕ್ಷರಕ್ಕೆ ಎರಡು ಅಕ್ಷರದಷ್ಟೂ ವ್ಯತ್ಯಾಸ ಇಲ್ಲ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಒಂದು "ಪಾಪದ ಕಾಯಿಲೆ", ಇನ್ನೊಂದು "ಬಡವರ ಕಾಯಿಲೆ". ಭಾರತದಲ್ಲಿ ಯಾಸ್‌ನ ಕೊನೆ ಕೇಸು ಸಿಕ್ಕಿದ್ದು 2003ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದೇಶ ಯಾಸ್‌ಮುಕ್ತ ಅಂದಿದ್ದು 2016ರಲ್ಲಿ. ಮನೆಮನೆಗೆ ಹುಡುಕ್ಕೊಂಡು ಹೋಗಿ ಪೆನಿಸಿಲಿನ್ ಕೊಟ್ಟಿದ್ದರಿಂದ ಹೋಯ್ತು. ಅದೇ ಪೆನಿಸಿಲಿನ್‌ಗೆ ಸಿಫಿಲಿಸ್ ಕೂಡ ಇವತ್ತಿಗೂ ಬಗ್ಗುತ್ತೆ. ಆದ್ರೆ ಸಿಫಿಲಿಸ್ ಹುಡುಕ್ಕೊಂಡು ಯಾರು ಮನೆಮನೆಗೆ ಬಂದ್ರು?

ಕ್ಲಮೀಡಿಯಾದ್ದೂ ಇದೇ ಕಥೆ. ಅದರ ಒಂದು ಬಗೆ ಕಣ್ಣಿಗೆ ಕೂತು ಟ್ರಕೋಮಾ ತರುತ್ತೆ, ಇನ್ನೊಂದು ಬಗೆ ಜನನಾಂಗಕ್ಕೆ. ಟ್ರಕೋಮಾ ಹೆಚ್ಚಿದ್ದದ್ದು ಮುಖ ತೊಳೆಯೋಕೂ ನೀರಿಗೆ ಬರ ಇದ್ದ ಮನೆಗಳಲ್ಲಿ. 2024ರಲ್ಲಿ ಅದು ದೇಶದಲ್ಲಿ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಲ್ಲ ಅಂತ ಘೋಷಣೆ ಆಯ್ತು. ಕೆಳಗಿನ ಬಗೆ ಮಾತ್ರ ಆರಾಮಾಗಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡಲ್ವಲ್ಲ.

ಗೊನೋರಿಯಾದ ಅಣು ಮಾತ್ರ ಬೇರೆ ಜಾತಿ. (ಜೀವಶಾಸ್ತ್ರದಲ್ಲಿ ಈ ಪದ ತಪ್ಪಲ್ಲ, ನಗಬೇಡಿ.) ಇದಕ್ಕೆ ಮಡಿ ಮೈಲಿಗೆ ಏನೂ ಇಲ್ಲ. ಅಕ್ಕಪಕ್ಕ ಬಿದ್ದಿರೋ ಡಿಎನ್‌ಎ ತುಂಡನ್ನ ಎತ್ತಿ ತನ್ನೊಳಗೆ ಸೇರಿಸ್ಕೊಂಡುಬಿಡುತ್ತೆ. ನಮ್ಮೆಲ್ಲರ ಗಂಟಲಲ್ಲಿ ಯಾರಿಗೂ ತೊಂದರೆ ಕೊಡದೆ ಇರೋ ಇದರ ನೆಂಟರಿದಾರೆ, ಅವರಿಂದಲೂ ತಗೊಳ್ಳುತ್ತೆ. ಪೆನ್‌ಎ ಅನ್ನೋ ಜೀನು ಹಾಗೇ ಕೌದಿ ಥರ ತೇಪೆ ಹಾಕ್ಕೊಂಡು, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ತಾಗದ ಹಾಗೆ ಬದಲಾಗಿದೆ. ಬೆರಕೆಯಿಂದ ಕುಲ ಕೆಡುತ್ತೆ ಅನ್ನೋರಿಗೆ ಈ ಅಣುವನ್ನ ತೋರಿಸಬೇಕು. ಬೆರೆತೂ ಬೆರೆತೂ ಗಟ್ಟಿಯಾಗಿದೆ.

ಎಷ್ಟು ಗಟ್ಟಿ ಅಂದ್ರೆ, 1930ರ ದಶಕದ ಸಲ್ಫಾ ಮಾತ್ರೆ ಹತ್ತು ಹನ್ನೆರಡು ವರ್ಷದಲ್ಲೇ ಸೋಲ್ತು. ಪೆನಿಸಿಲಿನ್ ಬಂತು, ಪೆನಿಸಿಲಿನ್ನನ್ನೇ ಒಡೆದುಹಾಕೋ ತಳಿ 1976ರಲ್ಲಿ ಕಾಣಿಸ್ಕೊಳ್ತು. ಟೆಟ್ರಾಸೈಕ್ಲಿನ್ ಹೋಯ್ತು, ಸಿಪ್ರೊಫ್ಲಾಕ್ಸಸಿನ್ ಹೋಯ್ತು. 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ ಸಿಕ್ತು. 2015ರಲ್ಲಿ ಜಪಾನಿನಲ್ಲೇ ಸಿಕ್ಕ ಎಫ್‌ಸಿ428 ಅನ್ನೋ ಇನ್ನೊಂದು ತಳಿ ಆಮೇಲೆ ಡೆನ್ಮಾರ್ಕ್, ಕೆನಡಾ, ಆಸ್ಟ್ರೇಲಿಯಾದಲ್ಲೂ ಕಾಣಿಸ್ತು. ಝೋಲಿಫ್ಲೊಡಾಸಿನ್ ಅಂತ ಹೊಸ ಔಷಧಿಯ ದೊಡ್ಡ ಪ್ರಯೋಗ ಅಮೆರಿಕ, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ನಡೀತು. ಪಟ್ಟಿಯಲ್ಲಿ ಭಾರತ ಇರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ವರ್ಷಗಳಿಂದ ಸರ್ಕಾರಿ ವ್ಯವಸ್ಥೆ ಇರೋದು ಬಣ್ಣದ ಕಿಟ್ಟಿನ ಮೇಲೆ. ಬೂದು ಬಣ್ಣದ ಒಂದನೇ ನಂಬರ್ ಕಿಟ್ಟಲ್ಲಿ ಸೆಫಿಕ್ಸಿಮ್ 400 ಮಿಲಿಗ್ರಾಂ, ಅಜಿತ್ರೊಮೈಸಿನ್ 1 ಗ್ರಾಂ. ಲಕ್ಷಣ ಕೇಳು, ಕಿಟ್ಟು ಕೊಡು. ಇದನ್ನ ನಾನು ಹೀಯಾಳಿಸಲ್ಲ. ಲ್ಯಾಬೇ ಇಲ್ಲದ ಕಡೆ ಅದೇ ದಿನ ಮಾತ್ರೆ ಕೈಗೆ ಸಿಗೋದು ದೊಡ್ಡ ವಿಷಯ. ಆದ್ರೆ ಎರಡು ಕಡೆ ಇದು ನಮ್ಮ ಹೆಣ್ಣುಮಕ್ಕಳ ಕೈ ಬಿಡುತ್ತೆ. ಗೊನೋರಿಯಾ, ಕ್ಲಮೀಡಿಯಾ ಬಂದ ಎಷ್ಟೋ ಹೆಂಗಸರಿಗೆ ಲಕ್ಷಣವೇ ಕಾಣಲ್ಲ. ಲಕ್ಷಣ ಇಲ್ಲ ಅಂದ್ರೆ ಕಿಟ್ಟೂ ಇಲ್ಲ. ಒಳಗೊಳಗೇ ಗರ್ಭನಾಳ ಮುಚ್ಚಿಹೋಗುತ್ತೆ. ಗಂಡ ತಿರುಪೂರಿನಿಂದಲೋ ಕೊಡಗಿನ ಎಸ್ಟೇಟಿನಿಂದಲೋ ತಂದ ಕಾಯಿಲೆಗೆ ಬಂಜೆ ಅನ್ನಿಸ್ಕೊಳ್ಳೋದು ಅವಳು. ಇನ್ನೊಂದು, ಮಾತ್ರೆಗೆ ಬಗ್ಗದ ತಳಿ ಬಂದಿದ್ರೆ ಕಿಟ್ಟು ಕೊಟ್ಟೋರಿಗೂ ಗೊತ್ತಾಗಲ್ಲ, ತಗೊಂಡೋರಿಗೂ ಗೊತ್ತಾಗಲ್ಲ. "ವಾಸಿ ಆಗ್ಲಿಲ್ಲ ಕಣಕ್ಕ" ಅಂದ್ರೆ "ನೀನೇ ಸರಿಯಾಗಿ ನುಂಗಿಲ್ಲ" ಅಂತಾರೆ. ತಪ್ಪು ಮತ್ತೆ ಅವಳದ್ದೇ.

ನಮ್ಮೋರು ಮನಸ್ಸು ಮಾಡಿದ್ರೆ ಏನಾಗುತ್ತೆ ಅನ್ನೋಕೆ ದೂರ ಹೋಗಬೇಕಿಲ್ಲ, ಮೈಸೂರು ಸಾಕು. ಅಲ್ಲಿ ಲೈಂಗಿಕ ಕಾರ್ಯಕರ್ತೆಯರು ಆಶೋದಯ ಸಮಿತಿ ಕಟ್ಟಿ, ತಾವೇ ಬೀದಿಗಿಳಿದು, ತಮ್ಮವರನ್ನ ಕ್ಲಿನಿಕ್ಕಿಗೆ ಕರ್ಕೊಂಡು ಬಂದ್ರು. 2004ರಲ್ಲಿ ಒಂದು, 2006ರಲ್ಲಿ ಒಂದು ಸಮೀಕ್ಷೆ ಆಯ್ತು. ಸಿಫಿಲಿಸ್ ಶೇ. 25ರಿಂದ 12ಕ್ಕೆ, ಗೊನೋರಿಯಾ ಶೇ. 5ರಿಂದ 2ಕ್ಕೆ, ಕ್ಲಮೀಡಿಯಾ ಶೇ. 11ರಿಂದ 5ಕ್ಕೆ ಇಳಿದಿತ್ತು. ಬೈದು, ಹಿಡಿದು, ಬೀಗ ಹಾಕಿ ಬ್ರಿಟಿಷರು ಮಾಡೋಕೆ ಹೊರಟಿದ್ದನ್ನ ಇವರು ಪಕ್ಕದಲ್ಲಿ ಕೂತು ಮಾತಾಡಿಸಿ ಮಾಡಿದ್ರು.

ಹಾಗಾಗಿ ನನ್ನ ಬೇಡಿಕೆ ಇದು. ಚಾಮರಾಜನಗರದಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಸ್ಯಾಂಪಲ್ ಅಲ್ಲಿಗೆ ಹೋಗಬೇಕು, ಕಲ್ಚರ್ ಆಗಬೇಕು, ಯಾವ ಮಾತ್ರೆ ಕೆಲಸ ಮಾಡ್ತಿದೆ ಅಂತ ವರ್ಷಕ್ಕೊಮ್ಮೆ ಜನಕ್ಕೆ ಹೇಳಬೇಕು. ಮುಂದೆ ಜೀನೋಮ್ ಓದೋದೂ ಬರಲಿ, ನಾನು ವಿರೋಧಿ ಅಲ್ಲ. ಆದ್ರೆ ಹುಷಾರು. ತಳಿಯ ಜೀನು ಹಿಡ್ಕೊಂಡು ಯಾರಿಂದ ಯಾರಿಗೆ ಬಂದಿರಬಹುದು ಅಂತ ಊಹಿಸೋಕೂ ಆಗುತ್ತೆ. ಜನರ ಡಿಎನ್‌ಎ ದಾಖಲೆ ಇಡೋಕೆ ಅಂತ ತಂದಿದ್ದ 2019ರ ಮಸೂದೆಯನ್ನ ಕೇಂದ್ರ 2023ರಲ್ಲಿ ವಾಪಸ್ ತಗೊಂಡಿತು, ಅಂಥದ್ದು ಮತ್ತೆ ಬರಲ್ಲ ಅಂತೇನಿಲ್ಲ. ಸ್ಯಾಂಪಲ್ ಡಬ್ಬಿ ಮೇಲೆ ಹೆಸರು ಬೇಡ, ಜಾತಿ ಬೇಡ, ಕೇರಿ ಬೇಡ. ತಳಿಗೆ ನಂಬರ್ ಇಡಿ. ಪರಂಗಿ ಹುಣ್ಣಿನ ಥರ ಇನ್ನೊಂದು ಊರಿನ, ಇನ್ನೊಂದು ಜನದ ಹೆಸರಿಟ್ರೆ ನಾವು ಸುಮ್ಮನಿರಲ್ಲ.

ಅಲ್ಲೀತನಕ ಮೆಡಿಕಲ್ ಸ್ಟೋರಲ್ಲಿ ಎರಡು ಮಾತ್ರೆ ಬಿಡಿಯಾಗಿ ತಗೊಂಡು ನುಂಗಬೇಡಿ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಹೋಗಿ, ಫ್ರೀ. ಗಂಡ ಹೆಂಡ್ತಿ ಇಬ್ರೂ ಹೋಗಿ, ಒಬ್ರೇ ಮಾತ್ರೆ ತಗೊಂಡ್ರೆ ಮತ್ತೆ ಬರುತ್ತೆ. ಒಂದು ವಾರದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗಿ "ಕಲ್ಚರ್ ಮಾಡ್ಸಿ" ಅಂತ ಬಾಯಿಬಿಟ್ಟು ಕೇಳಿ. ಫೋನಲ್ಲಿ ವಿಚಾರಿಸೋಕೆ 1097 ಇದೆ.

ಬರೋ ಏಪ್ರಿಲ್ 14ಕ್ಕೆ ಡಿಜೆ, ಫ್ಲೆಕ್ಸ್ ಜೊತೆಗೆ ಒಂದು ಗಂಟೆ ಇದಕ್ಕೂ ಕೊಡೋಣ. ಹೆಂಗಸರಿಗೆ ಬೇರೆ ಜಾಗ, ಮಾತಾಡೋಕೆ ಆಶಾ ಅಕ್ಕಂದಿರು. ಗಂಡಸರಿಗೆ ನಾನೇ ಕೂರ್ತೀನಿ. ಯಾವ್ಯಾವ ಊರಲ್ಲಿ ಮಾಡೋಕಾಗುತ್ತೆ, ಕಮೆಂಟಲ್ಲಿ ಬೇಡ ಅಂದ್ರೆ ಇನ್‌ಬಾಕ್ಸಿಗೆ ಬನ್ನಿ.