ಬೂಟ್ ಆಗುವಾಗಿನ ಅಕ್ಷರಗಳೂ ಓದಲು ಬರಲಿ

ಬೋರ್ಡ್ ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಸಣ್ಣ ಬಿಳಿ ಅಕ್ಷರಗಳು ಸರಸರನೆ ಓಡುತ್ತವೆ. "ಅದನ್ನು ಯಾರು ಓದುತ್ತಾರೆ?" ಎಂದು ಗೆಳೆಯರು ಕೇಳುತ್ತಾರೆ. ಎಲ್ಲ ಸರಿಯಿದ್ದಾಗ ಯಾರೂ ಓದುವುದಿಲ್ಲ, ನಿಜ. ಆದರೆ ಮೆಮೊರಿ ಕಾರ್ಡ್ ಕೈಕೊಟ್ಟು ಲಿನಕ್ಸ್ ಮೇಲೇಳದ ದಿನ, ಏನಾಯಿತೆಂದು ಹೇಳಲು ಉಳಿಯುವುದು ಆ ಪರದೆಯೊಂದೇ.

ರಾಸ್‌ಬೆರಿ ಪೈಯಂಥ ಚಿಕ್ಕ ಬೋರ್ಡುಗಳಲ್ಲಿ ಬಳಸಬಹುದಾದ ಯು-ಬೂಟ್ ಎಂಬ ಬೂಟ್‌ಲೋಡರನ್ನೇ ನೋಡಿ. ಅದರ ಮಾಮೂಲಿ ಅಕ್ಷರ 8 ಚುಕ್ಕೆ ಅಗಲ, 16 ಚುಕ್ಕೆ ಎತ್ತರ. 640x480 ಪರದೆಯಲ್ಲಿ ಸಾಲಿಗೆ 80 ಅಕ್ಷರ ಬರುತ್ತಿತ್ತು, ಕಣ್ಣಿಗೆ ಹಿತವಾಗಿತ್ತು. 1920x1080 ಪರದೆಯಲ್ಲಿ ಅದೇ ಫಾಂಟ್ ಸಾಲಿಗೆ 240 ಅಕ್ಷರ ತುರುಕುತ್ತದೆ. ಪರದೆಯೂ ಚಿಕ್ಕದಾಗಿದ್ದರೆ ಇರುವೆ ಸಾಲೇ ಸರಿ. ಕನ್ನಡಕ ಹಾಕುವ ನನ್ನಂಥವರ ಪಾಡು ಕೇಳಬೇಡಿ.

ಪರಿಹಾರ ಹೊಸದೇನಲ್ಲ. 2016ರಲ್ಲೇ ಸೈಮನ್ ಗ್ಲಾಸ್ ಅವರು ಯು-ಬೂಟ್‌ಗೆ ಟ್ರೂಟೈಪ್ ಕನ್ಸೋಲ್ ಸೇರಿಸಿದರು. ಅಕ್ಷರ ಬಿಡಿಸುವ ಕೆಲಸಕ್ಕೆ ಶಾನ್ ಬ್ಯಾರೆಟ್ ಬರೆದ ಎಸ್‌ಟಿಬಿ ಟ್ರೂಟೈಪ್ ಇದೆ. ಟ್ರೂಟೈಪ್‌ನಲ್ಲಿ ಅಕ್ಷರವೆಂದರೆ ಚುಕ್ಕೆಗಳ ಪಟ್ಟಿಯಲ್ಲ, ಗೆರೆ ಮತ್ತು ವಕ್ರರೇಖೆಗಳ ಹೊರಅಂಚು. ಆ ವಕ್ರರೇಖೆಗಳು ಪರವಲಯದ ತುಂಡುಗಳು! ಮೊದಲ ಪಿಯುಸಿಯಲ್ಲಿ "ಇದೆಲ್ಲ ಎಲ್ಲಿ ಉಪಯೋಗ ಸಾರ್?" ಎಂದು ಕೇಳುತ್ತೇವಲ್ಲ, ಅದೇ ಪ್ಯಾರಾಬೋಲಾ. ಸಮೀಕರಣ ಇದ್ದಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಬಿಡಿಸಬಹುದು, ಅಂಚು ಒರಟಾಗುವುದಿಲ್ಲ.

ಕಂಪೈಲ್ ಮಾಡುವ ಮುನ್ನ ಮೆನುವಿನಲ್ಲಿ 'ಕನ್ಸೋಲ್ ಟ್ರೂಟೈಪ್' ಆಯ್ಕೆಯನ್ನು ಆನ್ ಮಾಡಿ ಗಾತ್ರ ಕೊಟ್ಟರಾಯಿತು. ಏನೂ ಕೊಡದಿದ್ದರೆ 18. ಡಿಸ್ಕ್ ಓದುವ ಮೊದಲೇ ಅಕ್ಷರ ಬೇಕಾದ್ದರಿಂದ ಫಾಂಟ್ ಕೂಡ ಬೂಟ್‌ಲೋಡರಿನ ಒಳಗೇ ಸೇರುತ್ತದೆ.

ಬೂಟ್‌ಲೋಡರ್ ಚಿಕ್ಕದಾಗಿರಬೇಕು ಎನ್ನುವವರ ಮಾತು ನನಗೂ ಒಪ್ಪಿಗೆ. ಹತ್ತಾರು ಕಿಲೋಬೈಟ್ ಹೆಚ್ಚುತ್ತದೆ, ಅಕ್ಷರ ಮೂಡುವುದು ತುಸು ನಿಧಾನವಾಗುತ್ತದೆ. ಪರದೆಯೇ ಇಲ್ಲದ ರೂಟರಿಗೆ ಇದು ದಂಡ. ಆದರೆ ಗಿಗಾಬೈಟ್‌ಗಟ್ಟಲೆ ಕಾರ್ಡ್ ಮತ್ತು ಒಳ್ಳೆಯ ಪರದೆ ಇರುವ ಕಡೆ ಈ ಲೆಕ್ಕ ಜಿಪುಣತನ. 16x32ರ ದೊಡ್ಡ ಚುಕ್ಕೆ ಫಾಂಟ್ ಸಾಲದೇ ಎಂದರೆ, ಅದು ಒಂದು ಪರದೆಗೆ ಹೊಂದುತ್ತದೆ, ಇನ್ನೊಂದಕ್ಕೆ ಇಲ್ಲ.

ಹಾಗೆಂದು ಕನ್ನಡ ಫಾಂಟ್ ಹಾಕಿದ ಮಾತ್ರಕ್ಕೆ ಕನ್ನಡ ಬರುವುದಿಲ್ಲ. ಎಸ್‌ಟಿಬಿ ಟ್ರೂಟೈಪ್ ಒಂದೊಂದು ಅಕ್ಷರವನ್ನು ಬಿಡಿಯಾಗಿ ಬಿಡಿಸುತ್ತದೆ, ಅಷ್ಟೆ. 'ಸ್ತ್ರೀ' ಎಂಬಲ್ಲಿ ಒತ್ತುಗಳನ್ನು ಕೆಳಗೆ ಕೂರಿಸುವುದು, ಉರ್ದುವಿನಲ್ಲಿ ಅಕ್ಷರಗಳನ್ನು ಒಂದಕ್ಕೊಂದು ಜೋಡಿಸುವುದು ಅದರ ಕೆಲಸವಲ್ಲ. ಲಿನಕ್ಸ್ ಎದ್ದಮೇಲೆ ಅದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಬೂಟ್‌ಲೋಡರಿಗೆ ಅಂಥದ್ದರ ಚಿಕ್ಕ ರೂಪ ಬರೆಯುವುದು, ಬೇರೆ ಯಾರಿಗಿಂತ, ಕನ್ನಡ ಉರ್ದು ಎರಡನ್ನೂ ಓದಬಲ್ಲ ನಮ್ಮಂಥವರಿಗೆ ಸರಿಹೊಂದುವ ಕೆಲಸ.

ಅಷ್ಟರೊಳಗೆ ನಮ್ಮ ಲ್ಯಾಬಿನ ಒಂದು ಬೋರ್ಡಿಗಾದರೂ ಗಾತ್ರ 32 ಇಟ್ಟು ಯು-ಬೂಟ್ ಕಂಪೈಲ್ ಮಾಡಲು ಅನುಮತಿ ಕೊಡಿ ಸರ್. ಹಿಂದಿನ ಬೆಂಚಿನಿಂದ ಓದಲು ಬರುತ್ತದೋ ಇಲ್ಲವೋ ನೋಡಿಯೇ ಬಿಡೋಣ.