ಕೇಳುವವರನ್ನು ಕೇಳುವ ಬಗೆ

ಜನರು ಯಾವ ಪತ್ರಿಕೆಯನ್ನು ಓದುವರು, ಯಾವ ವಾರ್ತೆಯನ್ನು ಕೇಳುವರು, ಯಾವ ಚಿತ್ರವನ್ನು ನೋಡುವರು ಎಂಬುದನ್ನು ಅರಿಯುವುದು ಕೇವಲ ವಿಶ್ವವಿದ್ಯಾನಿಲಯದ ಪಂಡಿತರ ಕುತೂಹಲವಲ್ಲ. ಕಾಡಾನೆಯು ಊರ ಕಡೆಗೆ ಇಳಿದಿದೆಯೆಂಬ ಎಚ್ಚರಿಕೆಯನ್ನು ಯಾವ ಭಾಷೆಯಲ್ಲಿ, ಯಾವ ಸಾಧನದಿಂದ, ಯಾವ ಹೊತ್ತಿನಲ್ಲಿ ಸಾರಬೇಕೆಂಬುದು ಈ ತಿಳಿವಳಿಕೆಯನ್ನೇ ಅವಲಂಬಿಸಿರುವುದು. ತಿಳಿವಳಿಕೆ ತಪ್ಪಿದರೆ, ಎಚ್ಚರಿಕೆಯು ಹೊರಟಿತೆಂದು ಕಚೇರಿಯ ದಫ್ತರದಲ್ಲಿ ದಾಖಲಾಗುವುದೇ ಹೊರತು ಹೊಲದಲ್ಲಿರುವವನ ಕಿವಿಯನ್ನು ಮುಟ್ಟದು.

ಹುಣಸೂರು ತಾಲ್ಲೂಕಿನ ಗುರುಪುರವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ತಾಯ್ನಾಡನ್ನು ತೊರೆದು ಬಂದ ಟಿಬೇಟಿಯನ್ನರಿಗಾಗಿ 1972ರಲ್ಲಿ ಇಲ್ಲಿ ರಬ್ಗ್ಯೆಲಿಂಗ್ ವಸತಿಯು ಸ್ಥಾಪಿತವಾಯಿತು. ಗ್ಯುಮೆ ತಾಂತ್ರಿಕ ಮಠವೂ ಇಲ್ಲಿಯೇ ಇದೆ. ಸುತ್ತಣ ಹಳ್ಳಿಗಳಲ್ಲಿ ರಾಗಿ, ಹೊಗೆಸೊಪ್ಪು ಬೆಳೆಯುವ ಕನ್ನಡ ರೈತರಿರುವರು. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರಿರುವರು. ಹೀಗೆ ಒಂದೇ ತಾಲ್ಲೂಕಿನೊಳಗೆ ಮೂರು ನುಡಿಗಳೂ ಮೂರು ಬಗೆಯ ಬಾಳುವೆಯೂ ನೆಲೆಸಿವೆ. ಇವರೆಲ್ಲರನ್ನೂ ಒಂದೇ ಪ್ರಶ್ನಾವಳಿಯಿಂದ ಅಳೆಯಹೊರಡುವುದು ರಾಗಿಯನ್ನೂ ಹಾಲನ್ನೂ ಒಂದೇ ಸೇರಿನಿಂದ ಅಳೆದಂತೆಯೇ ಸರಿ.

2011ರ ಜನಗಣತಿಯು ಮನೆಗಳಲ್ಲಿ ರೇಡಿಯೋ, ಟೆಲಿವಿಷನ್, ದೂರವಾಣಿಗಳಿವೆಯೇ ಎಂಬ ಲೆಕ್ಕವನ್ನು ಬರೆದುಕೊಂಡಿತು. ಇದು ಉಪಯುಕ್ತವಾದ ಲೆಕ್ಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪೆಟ್ಟಿಗೆ ಇರುವುದು ಬೇರೆ, ಅದನ್ನು ಕೇಳುವುದು ಬೇರೆ, ಕೇಳಿದ್ದನ್ನು ನಂಬುವುದು ಮತ್ತೂ ಬೇರೆ. “ಪತ್ರಿಕೆ ಓದುವಿರಾ?” ಎಂದರೆ, ಹೋಟೆಲಿನಲ್ಲಿ ಮತ್ತೊಬ್ಬರು ಓದಿ ಹೇಳುವುದನ್ನು ದಿನವೂ ಕೇಳುವ ರೈತನು “ಇಲ್ಲ” ಎನ್ನುವನು. “ರೇಡಿಯೋ ಕೇಳುವಿರಾ?” ಎಂದರೆ, ಅದೇ ವಾರ್ತೆಯನ್ನು ಮೊಬೈಲಿನಲ್ಲಿ ಕೇಳುವ ತರುಣನೂ “ಇಲ್ಲ” ಎನ್ನುವನು. “ನಿಮ್ಮ ಮನೆಯ ಯಜಮಾನರು ಯಾರು?” ಎಂದು ಮಠದ ಭಿಕ್ಷುವನ್ನು ಕೇಳಿದರೆ ಅವನು ಏನೆಂದು ಉತ್ತರ ಕೊಟ್ಟಾನು?

ಕಾಲವನ್ನು ನೋಡದೆ ಹೋಗುವುದೂ ದೋಷವೇ. ಚಳಿಗಾಲದಲ್ಲಿ ಅನೇಕ ಟಿಬೇಟಿಯನ್ನರು ಸ್ವೆಟರಿನ ವ್ಯಾಪಾರಕ್ಕಾಗಿ ದೂರದ ಪಟ್ಟಣಗಳಿಗೆ ತೆರಳುವರು. ಕಾಫಿ ಕೊಯ್ಲಿನ ದಿನಗಳಲ್ಲಿ ಹಾಡಿಗಳ ಜನರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವರು. ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ರೈತನು ಬ್ಯಾರನ್ನಿನ ಉರಿಯನ್ನು ಕಾಯುತ್ತ ರಾತ್ರಿಯೆಲ್ಲ ಎಚ್ಚರವಿರುವನು. ಇದಾವುದನ್ನೂ ಅರಿಯದೆ ಹಗಲು ಹೊತ್ತಿನಲ್ಲಿ ಬಾಗಿಲು ತಟ್ಟಿದವನಿಗೆ ವೃದ್ಧರೂ ಮಕ್ಕಳೂ ಸಿಕ್ಕಾರು. ಅವರ ಮಾತನ್ನೇ ಊರಿನ ಮಾತೆಂದು ಬರೆದುಕೊಂಡು ಹೋದರೆ ಅದು ಅಂಕಿಗಳ ವೇಷ ತೊಟ್ಟ ಸುಳ್ಳಾಗುವುದು.

ಹಾಗಾದರೆ ಮಾರ್ಗವೇನು? ನಮ್ಮ ನಾಡಿನಲ್ಲಿ ಮೇಲ್ಪಂಕ್ತಿಗೆ ಕೊರತೆಯಿಲ್ಲ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಸ್ಮರಣೀಯವಾದುದು. 1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಲ್ಲಿನ ಬಾಳನ್ನು ಕಂಡರು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಮುಟ್ಟಿಸುವ ಪ್ರಯೋಗ ನಡೆದಾಗ, ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆ ಪ್ರಯೋಗದಲ್ಲಿ ಪ್ರಶ್ನಾವಳಿಯೂ ಇತ್ತು. ಆಯ್ದ ಹಳ್ಳಿಗಳಲ್ಲಿ ತಂಗಿ ಜನರನ್ನು ಗಮನಿಸಿದ ಮಾನವಶಾಸ್ತ್ರಜ್ಞರೂ ಇದ್ದರು.

ಆದುದರಿಂದ ಮೊದಲು ಕೆಲವು ವಾರ ಊರಿನಲ್ಲಿದ್ದು ನೋಡಬೇಕು, ಆಮೇಲೆ ಎಣಿಸಬೇಕು ಎಂಬುದೇ ನಮ್ಮ ಅಭಿಪ್ರಾಯ. ಎಣಿಕೆಯನ್ನು ನಾವು ಹಳಿಯುವುದಿಲ್ಲ. ಒಂದೇ ಹಾಡಿಯಲ್ಲಿ ಕುಳಿತವನು ಒಬ್ಬನ ಅಭ್ಯಾಸವನ್ನು ಕುಲದ ಅಭ್ಯಾಸವೆಂದು ಭ್ರಮಿಸದಿರಲು ಎಣಿಕೆಯೇ ಬೇಕು. ಆದರೆ ಏನನ್ನು ಎಣಿಸಬೇಕೆಂಬುದನ್ನು ಊರೇ ಹೇಳಿಕೊಡಬೇಕು. ಕನ್ನಡದ ಪ್ರಶ್ನೆಯನ್ನು ಒಬ್ಬರು ಟಿಬೇಟಿಯನ್ ಭಾಷೆಗೆ ತಂದರೆ, ಮೂಲವನ್ನು ಕಾಣದ ಮತ್ತೊಬ್ಬರು ಅದನ್ನು ಕನ್ನಡಕ್ಕೆ ಹಿಂದಿರುಗಿಸಬೇಕು. ಎರಡೂ ಹೊಂದದಿದ್ದರೆ ತಪ್ಪು ಪ್ರಶ್ನೆಯದು, ಉತ್ತರ ಕೊಡುವವನದಲ್ಲ.

ಇದೆಲ್ಲಕ್ಕೂ ಹೊತ್ತೂ ಹಣವೂ ಸಾಲದೆಂದು ಅಧಿಕಾರಿಗಳು ಹೇಳಬಹುದು. ತಪ್ಪು ಲೆಕ್ಕವನ್ನು ನಂಬಿ ಸಾರಿದ ಎಚ್ಚರಿಕೆಯು ವ್ಯರ್ಥವಾದರೆ ಅದರ ವೆಚ್ಚವನ್ನು ತೆರುವವರು ಯಾರು? ಇನ್ನೊಂದು ಮಾತು. “ನೀವು ಯಾವ ದೇಶದ ವಾರ್ತೆ ಕೇಳುವಿರಿ?” ಎಂದು ನೆಲೆ ಕಳೆದುಕೊಂಡು ಬಂದವನನ್ನು ಕೇಳಿದರೆ ಅವನಿಗೆ ಅದು ಪೊಲೀಸರ ಪ್ರಶ್ನೆಯಾಗಿ ಕೇಳಿಸೀತು; ಅರಣ್ಯದಿಂದ ಹೊರಹಾಕಲ್ಪಟ್ಟವರಿಗೂ ಸರ್ಕಾರದ ಕಾಗದವೆಂದರೆ ಶಂಕೆಯೇ. ಹೆಸರು ಬರೆಯದಿರುವುದು, ಒಪ್ಪಿಗೆ ಪಡೆಯುವುದು, ತಿಳಿದುಬಂದುದನ್ನು ಅವರ ನುಡಿಯಲ್ಲೇ ಅವರ ಮುಂದೆ ಓದಿ ಹೇಳುವುದು—ಇವು ದಯೆಯಲ್ಲ, ಶಾಸ್ತ್ರದ ಅಂಗಗಳೇ ಆಗಿವೆ. ಹೆದರಿದವನು ಕೊಟ್ಟ ಉತ್ತರದಿಂದ ಯಾವ ಶಾಸ್ತ್ರವೂ ಬೆಳೆಯಲಾರದು.

ಜನರಿಗೆ ತಿಳಿಯಹೇಳಬೇಕೆಂಬ ಉತ್ಸಾಹವು ನಮ್ಮ ಸರ್ಕಾರಕ್ಕೂ ವಿದ್ಯಾವಂತರಿಗೂ ಧಾರಾಳವಾಗಿದೆ. ಅದಕ್ಕೆ ಮುಂಚೆ ಅವರ ಮಾತಿಗೆ ಕಿವಿಗೊಡುವ ತಾಳ್ಮೆಯು ಅವರಲ್ಲಿ ಬರಬೇಕಾಗಿದೆ. ಆ ಕೆಲಸವು ಗುರುಪುರದಿಂದಲೇ ಮೊದಲಾಗಲಿ.