ಕೇಳುವವರಿಲ್ಲದ ಭಾಷಣ

ಮುಂಬಯಿಯ ಕಾಲೇಜೊಂದರಲ್ಲಿ ಈಚೆಗೆ ಜರುಗಿದ ಕನ್ನಡ ಭಾಷಣ ಸ್ಪರ್ಧೆಗೆ ಶ್ರೋತೃವಾಗಿ ಹೋಗಿದ್ದೆವು. ವಿದ್ಯಾರ್ಥಿಗಳ ಉಚ್ಚಾರಣೆಯಲ್ಲಿ ಮರಾಠಿಯ ಛಾಯೆಯಿದ್ದರೂ ವಿಚಾರದಲ್ಲಿ ಬಡತನವಿರಲಿಲ್ಲ. ಕಂಠಪಾಠ ಒಪ್ಪಿಸಿದವರಿಗಿಂತ, ತಡವರಿಸಿದರೂ ಸ್ವಂತ ಮಾತನ್ನಾಡಿದವರೇ ಮನಸ್ಸಿನಲ್ಲಿ ಉಳಿದರು. ಆದರೆ ತಮ್ಮ ಮಕ್ಕಳ ಸರದಿ ಮುಗಿದೊಡನೆ ಹೆತ್ತವರು ಎದ್ದು ನಡೆದರು. ಕೊನೆಯ ವಿದ್ಯಾರ್ಥಿನಿ ಬರಿದಾದ ಕುರ್ಚಿಗಳಿಗೆ ವಂದಿಸಬೇಕಾಯಿತು.

ಬಹುಮಾನ ಕೊಡುವವರು ತೀರ್ಪುಗಾರರು. ಮಾತಿಗೆ ಬೆಲೆ ಕೊಡುವವರು ಕೇಳುವವರು. ಈ ನಗರದಲ್ಲಿ ಮೊಗವೀರ ರಾತ್ರಿಶಾಲೆ ಆರಂಭವಾದುದು 1908ರಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಇಂತಹ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರಾದರು. 1978ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಕನ್ನಡ ವಿಭಾಗ ಸ್ಥಾಪಿತವಾಯಿತು. ಆದರೆ ಕಲಿಯುವ ಸ್ಥಳ ದೊರೆತರೆ ಸಾಲದು. ಕಲಿತುದನ್ನು ಆಡಿ ತೋರಿಸಲು ಸಭೆಯೂ ಬೇಕು. ಆ ಸಭೆ ನಾವೇ ಆಗಬೇಕು.

ಕಾಲೇಜಿನವರು ಸ್ಪರ್ಧೆಯನ್ನು ರವಿವಾರ ಮಧ್ಯಾಹ್ನ, ಊಟದ ಗಿರಾಕಿಗಳು ತೆರಳಿದ ಮೇಲೆ, ಏರ್ಪಡಿಸಲಿ. ಹೋಟೆಲಿನ ಧಣಿಗಳು ಕೆಲಸಗಾರರಿಗೆ ಎರಡು ತಾಸಿನ ಬಿಡುವು ಕೊಡಲಿ. ಕಾಲೇಜಿನ ಮೆಟ್ಟಿಲು ಹತ್ತದವರಿಗೆ ಅಲ್ಲೇನು ಕೆಲಸವೆಂದು ಬಂಧುಗಳು ಹಿಂಜರಿಯಬಾರದು. ದಿನವಿಡೀ ಹತ್ತಾರು ಗಿರಾಕಿಗಳ ಮಾತನ್ನು ತಾಳ್ಮೆಯಿಂದ ಕೇಳಿ, ಒಂದನ್ನೂ ಮರೆಯದವನಿಗಿಂತ ಉತ್ತಮ ಶ್ರೋತೃ ಬೇರೆ ಯಾರು?